ಒಲೆಯ ಮೇಲಿನ ಮೋಕಾ ಪಾಟ್: ಬಳಸುವ ಕ್ರಮ, ತೊಳೆಯುವ ಕ್ರಮ

ಕುಕ್ಕರ್ ವಿಸಿಲ್ ಹಾಕುತ್ತದೆ, ಮೋಕಾ ಪಾಟ್ ಹಾಕುವುದಿಲ್ಲ. ಎರಡರಲ್ಲೂ ಇರುವುದು ಮುಚ್ಚಿದ ಪಾತ್ರೆ, ಒಳಗೆ ನೀರು, ಕೆಳಗೆ ಬೆಂಕಿ. ಕುಕ್ಕರ್ ಒಳಗೆ ಒತ್ತಡ ಹೆಚ್ಚಾದರೆ ಮೇಲಿನ ವೆಯ್ಟ್ ಎದ್ದು ಆವಿ ಬಿಡುತ್ತದೆ, ಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ. ಮೋಕಾ ಪಾಟ್ ಸುಮ್ಮನೆ ಕೂತಿರುತ್ತದೆ. ಅದರಲ್ಲಿ ಏನಾದರೂ ತಪ್ಪಾದರೆ ಕಾಪಾಡುವುದು ಪಕ್ಕದಲ್ಲಿರುವ ಕಡಲೆಕಾಳಿನಷ್ಟು ದೊಡ್ಡ ಒಂದು ವಾಲ್ವ್ ಮಾತ್ರ. ಈ ಲೇಖನದಲ್ಲಿ ಕಾಫಿ ಮಾಡುವ ವಿಧಾನವನ್ನೂ ಹೇಳುತ್ತೇನೆ, ಆದರೆ ಆ ವಾಲ್ವ್ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳುತ್ತೇನೆ. ಕಾರಣ ಮುಂದೆ ತಿಳಿಯುತ್ತದೆ.

ನಮ್ಮದು ಚಾಯ್ ಕುಡಿಯುವ ಮನೆ. ಬೆಳಿಗ್ಗೆ ಚಾಯ್, ಸಂಜೆ ಚಾಯ್, ನೆಂಟರು ಬಂದರೆ ಮತ್ತೆ ಚಾಯ್. ನಮ್ಮ ಮಾಮು ಹನ್ನೊಂದು ವರ್ಷ ಸೌದಿಯಲ್ಲಿ ಒಂದು ಕಾಫಿ ಅಂಗಡಿಯಲ್ಲಿ ದುಡಿದು, ಕಳೆದ ವರ್ಷ ಪೂರ್ತಿಯಾಗಿ ಊರಿಗೆ ಬಂದರು. ಅವರ ಸೂಟ್‌ಕೇಸಿನಲ್ಲಿ ಕಂಬಳಿ, ಖರ್ಜೂರ, ಅತ್ತರಿನ ಜೊತೆ ಎಂಟು ಮುಖದ ಒಂದು ಅಲ್ಯೂಮಿನಿಯಂ ಪಾತ್ರೆಯೂ ಇತ್ತು. ನಾನಿ ಅದನ್ನು ನೋಡಿ ಹೂಜಿ ಎಂದುಕೊಂಡರು.

ಈ ಪಾತ್ರೆ ಹುಟ್ಟಿದ್ದು ಇಟಲಿಯಲ್ಲಿ. ಉತ್ತರ ಇಟಲಿಯ ಪಿಯೆಮಾಂಟ್ ಪ್ರಾಂತ್ಯದ ಕ್ರುಸಿನಾಲ್ಲೋ ಎಂಬಲ್ಲಿ ಅಲ್ಯೂಮಿನಿಯಂ ಕಾರ್ಖಾನೆ ಇಟ್ಟುಕೊಂಡಿದ್ದ ಅಲ್ಫೊನ್ಸೊ ಬಿಯಾಲೆಟ್ಟಿ 1933ರಲ್ಲಿ ಇದನ್ನು ಹೊರತಂದರು. ಅದಕ್ಕೂ ಮೊದಲು ಅವರು ಫ್ರಾನ್ಸಿನಲ್ಲಿ ಅಲ್ಯೂಮಿನಿಯಂ ಕೆಲಸ ಕಲಿತಿದ್ದರು. ಆ ಕಾಲದಲ್ಲಿ ಒಳ್ಳೆಯ ಗಟ್ಟಿ ಕಾಫಿ ಬೇಕೆಂದರೆ ದೊಡ್ಡ ಯಂತ್ರವಿರುವ ಅಂಗಡಿಗೇ ಹೋಗಬೇಕಿತ್ತು. ಇದು ಅದಕ್ಕೆ ಹತ್ತಿರದ ಕಾಫಿಯನ್ನು ಮನೆಯ ಒಲೆಗೆ ತಂದಿತು. ಎರಡನೇ ಮಹಾಯುದ್ಧದ ನಂತರ ಮಗ ರೆನಾಟೊ ಜಾಹೀರಾತು ಮಾಡಿ ಇದನ್ನು ಮನೆಮನೆಗೆ ಮುಟ್ಟಿಸಿದರು. ಮೀಸೆ ಹೊತ್ತು ಬೆರಳೆತ್ತಿ ನಿಂತ ಸಣ್ಣ ಮನುಷ್ಯನ ಚಿತ್ರ ಆ ಕಂಪನಿಯ ಗುರುತು. ರೆನಾಟೊ 2016ರಲ್ಲಿ ತೀರಿಕೊಂಡಾಗ ಅವರ ಚಿತಾಭಸ್ಮವನ್ನು ಇದೇ ಆಕಾರದ ಪಾತ್ರೆಯಲ್ಲಿಟ್ಟು ಹೂಳಿದರು. ಬಿಸಿನೆಸ್ ಸ್ಟಡೀಸ್‌ನಲ್ಲಿ ಬ್ರ್ಯಾಂಡಿಂಗ್ ಪಾಠ ಬಂದಾಗ ನನಗೆ ಮೊದಲು ನೆನಪಾಗುವುದು ಈ ಮನುಷ್ಯ.

ಹೆಸರಿನ ಕಥೆ ಮಾತ್ರ ಇಟಲಿಯದಲ್ಲ. ‘ಮೋಕಾ’ ಎಂದರೆ ಯೆಮನ್ ದೇಶದ ಅಲ್ ಮಖಾ ಬಂದರು. ಹದಿನೈದನೇ ಶತಮಾನದಲ್ಲಿ ಯೆಮನ್‌ನ ಸೂಫಿಗಳು ರಾತ್ರಿಯ ಜಿಕ್ರ್ ಹೊತ್ತಿಗೆ ನಿದ್ದೆ ಬಾರದಿರಲಿ ಎಂದು ಕಹ್ವಾ ಕುಡಿಯುತ್ತಿದ್ದರು. ಮುಂದೆ ಆ ಬಂದರಿನಿಂದಲೇ ಕಾಫಿ ಲೋಕಕ್ಕೆಲ್ಲ ಹೋಯಿತು. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಏಳು ಬೀಜಗಳನ್ನು ಅಲ್ಲಿಂದ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಎಂಬ ಪ್ರತೀತಿಯನ್ನು ನಾವೆಲ್ಲ ಕೇಳಿದ್ದೇವೆ. ಬೀಜ ಬಂದ ಊರಿನ ಹೆಸರು ಹೊತ್ತ ಪಾತ್ರೆ ಇಲ್ಲಿಗೆ ಬರಲು ಮಾತ್ರ ತಡವಾಯಿತು.

ಈಗ ಪಾತ್ರೆಯ ಒಳಗೆ ನೋಡೋಣ. ಅದರಲ್ಲಿ ಮೂರು ಮುಖ್ಯ ಭಾಗಗಳಿವೆ. ಕೆಳಗಿನದು ನೀರಿನ ಕೋಣೆ. ವಾಲ್ವ್ ಇರುವುದು ಇದರ ಪಕ್ಕದಲ್ಲಿ. ನಡುವೆ ಉದ್ದ ಕೊಳವೆಯುಳ್ಳ ಬುಟ್ಟಿ, ಎಣ್ಣೆ ಸುರಿಯುವ ಆಲಿಕೆಯ ಹಾಗೆ; ಪುಡಿ ತುಂಬುವುದು ಇದರಲ್ಲಿ. ಮೇಲಿನದು ಹಿಡಿ ಮತ್ತು ಮೂತಿ ಇರುವ ಭಾಗ. ಅದರ ಅಡಿಯಲ್ಲಿ ಒಂದು ಜಾಲರಿ ಮತ್ತು ಅದನ್ನು ಹಿಡಿದಿಡುವ ರಬ್ಬರ್ ರಿಂಗ್ ಇರುತ್ತವೆ. ಕುಕ್ಕರ್ ಗ್ಯಾಸ್ಕೆಟ್‌ನ ತಮ್ಮ ಎನ್ನಬಹುದು.

ಕೆಳಗಿನ ನೀರು ಬಿಸಿಯಾದಾಗ ಅದರ ಮೇಲಿರುವ ಗಾಳಿ ಹಿಗ್ಗುತ್ತದೆ, ಆವಿಯೂ ಸೇರುತ್ತದೆ. ಇವೆರಡೂ ಸೇರಿ ನೀರಿನ ಮೇಲೆ ಒತ್ತುತ್ತವೆ. ನೀರಿಗೆ ಹೋಗಲು ಇರುವುದು ಒಂದೇ ದಾರಿ, ಕೊಳವೆ. ಅದರಲ್ಲಿ ಮೇಲೇರಿ, ಪುಡಿಯ ನಡುವೆ ಹಾದು, ಜಾಲರಿ ದಾಟಿ ಮೇಲಿನ ಪಾತ್ರೆಗೆ ಬೀಳುತ್ತದೆ. ನಮ್ಮ ಸ್ಟೀಲ್ ಫಿಲ್ಟರ್‌ನಲ್ಲಿ ನೀರು ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಇಲ್ಲಿ ಅದನ್ನು ಕೆಳಗಿನಿಂದ ಮೇಲಕ್ಕೆ ತಳ್ಳಲಾಗುತ್ತದೆ. ಫಿಲ್ಟರ್ ಡಿಕಾಕ್ಷನ್‌ಗೆ ಅರ್ಧ ಗಂಟೆ ಕಾಯುವವರಿಗೆ ಇದು ಐದಾರು ನಿಮಿಷದಲ್ಲಿ ಡಿಕಾಕ್ಷನ್ ಕೊಡುವುದು ಈ ಕಾರಣಕ್ಕೆ.

ಒತ್ತಡ ಎಷ್ಟು? ಸುಮಾರು ಒಂದೂವರೆ ಬಾರ್. ಸ್ಕೂಟರ್ ಟೈರಿನಲ್ಲಿ ಇದಕ್ಕಿಂತ ಹೆಚ್ಚು ಗಾಳಿ ಇರುತ್ತದೆ. ಅಂಗಡಿಯ ಎಸ್ಪ್ರೆಸೊ ಯಂತ್ರದಲ್ಲಿ ಸುಮಾರು 9 ಬಾರ್. ಹಾಗಾಗಿ ಮೋಕಾ ಪಾಟ್ ಕಾಫಿಯನ್ನು ಎಸ್ಪ್ರೆಸೊ ಎಂದು ಕರೆಯುವುದು ಸರಿಯಲ್ಲ, ಡಬ್ಬದ ಮೇಲೆ ಏನೇ ಬರೆದಿರಲಿ. ಆದರೆ ಎಲ್ಲ ದಾರಿಗಳೂ ಸರಿಯಾಗಿ ತೆರೆದಿದ್ದಾಗ ಮಾತ್ರ ಒತ್ತಡ ಇಷ್ಟು ಕಡಿಮೆ ಇರುತ್ತದೆ. ಪುಡಿ ತೀರಾ ನುಣುಪಾಗಿ, ಮೇಲಿಂದ ಅದುಮಿ ತುಂಬಿ, ನೀರು ಹೋಗಲಾರದಂತೆ ಆದರೆ ಒತ್ತಡ ಏರುತ್ತಲೇ ಹೋಗುತ್ತದೆ. ಆಗ ವಾಲ್ವ್ ತೆರೆದು ಆವಿ ಬಿಡಬೇಕು. ವಾಲ್ವೂ ಕಟ್ಟಿಕೊಂಡಿದ್ದರೆ?

ನಮ್ಮ ಮನೆಯಲ್ಲಿ ಅದೇ ಆಯಿತು. ಪಾತ್ರೆ ಬಂದು ಐದು ತಿಂಗಳಾಗಿತ್ತು. ಫಜರ್ ಮುಗಿಸಿ ನಾನಿ ಒಲೆಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಿದ್ದರು. ಚಳಿಗಾಲದಲ್ಲಿ ಅದೇ ಅವರ ಜಾಗ. ಕಾಫಿ ಮೇಲೆ ಬರಲೇ ಇಲ್ಲ, ತಿರುಪಿನ ಸಂದಿಯಿಂದ ಆವಿ ಚುಯ್ ಎನ್ನತೊಡಗಿತು, ರಬ್ಬರ್ ಸುಟ್ಟ ವಾಸನೆ ಬಂತು. ಮಾಮು ಗ್ಯಾಸ್ ಆಫ್ ಮಾಡಿ, ನಾನಿಯನ್ನು ಎಬ್ಬಿಸಿ ಹೊರಗೆ ಕೂರಿಸಿ, ಯಾರೂ ಅದನ್ನು ಮುಟ್ಟಬೇಡಿ ಎಂದರು. ಒಂದು ಗಂಟೆಯ ನಂತರ ಬಿಚ್ಚಿ ನೋಡಿದರೆ ವಾಲ್ವ್‌ನ ಒಳಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ತೂತೇ ಕಾಣುತ್ತಿರಲಿಲ್ಲ. ಆ ದಿನ ನಾನಿಯನ್ನು ಕಾಪಾಡಿದ್ದು ವಾಲ್ವ್ ಅಲ್ಲ, ಹಳೆಯದಾಗಿ ಸಡಿಲಗೊಂಡಿದ್ದ ರಬ್ಬರ್ ರಿಂಗ್. ಆವಿ ಅದರ ಸಂದಿಯಿಂದ ದಾರಿ ಮಾಡಿಕೊಂಡಿತ್ತು. ರಿಂಗ್ ಹೊಸದಾಗಿದ್ದಿದ್ದರೆ ಏನಾಗುತ್ತಿತ್ತೋ, ಅಲ್ಲಾಹನೇ ಬಲ್ಲ.

ಸುಣ್ಣ ಎಲ್ಲಿಂದ ಬಂತು? ತುಮಕೂರಿನ ನಮ್ಮ ಬೀದಿಯದು ಬೋರ್‌ವೆಲ್ ನೀರು, ಗಡಸು ನೀರು. ಬಕೆಟ್ಟಿನ ಅಂಚಿನಲ್ಲಿ, ಗೀಸರ್ ಕಾಯಿಲ್ ಮೇಲೆ, ನಲ್ಲಿಯ ಬಾಯಲ್ಲಿ ಕೂರುವ ಅದೇ ಬಿಳಿ ಪೊರೆ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಲವಣ ಕಾಯಿಸಿದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳಕ್ಕೆ, ಗೋಡೆಗೆ ಅಂಟುತ್ತದೆ. ಇಟಲಿಯವರಿಗೂ ಈ ತೊಂದರೆ ಇದೆ, ಆದರೆ ನಮ್ಮ ಬಯಲುಸೀಮೆಯ ಬೋರ್ ನೀರಿನ ಮುಂದೆ ಯಾರ ಪಾತ್ರೆಯೂ ಬಹಳ ದಿನ ನಿಲ್ಲದು. ಕುಡಿಯುವ ಫಿಲ್ಟರ್ ನೀರನ್ನೇ ಇದಕ್ಕೂ ಹಾಕಿ. ಮೂರು ಕಪ್ಪಿನ ಪಾತ್ರೆಗೆ ಬೇಕಾಗುವುದು ಒಂದು ಲೋಟಕ್ಕಿಂತ ಕಡಿಮೆ ನೀರು, ಅದರಲ್ಲಿ ಜಿಪುಣತನ ಬೇಡ.

ಮಾಡುವ ಕ್ರಮ ಹೀಗೆ. ಪಾತ್ರೆ ಹೊಸದಾದರೆ ಮೊದಲ ಮೂರು ಸಲದ ಕಾಫಿಯನ್ನು ಚೆಲ್ಲಬೇಕು. ಕಾರ್ಖಾನೆಯ ಎಣ್ಣೆ, ಲೋಹದ ಪುಡಿ ಅದರೊಂದಿಗೆ ಹೋಗುತ್ತದೆ. ಅದಕ್ಕೆ ದುಬಾರಿ ಪುಡಿ ಬೇಡ. ಆಮೇಲೆ ಪ್ರತಿದಿನ, ಕೆಳಗಿನ ಕೋಣೆಗೆ ವಾಲ್ವ್‌ನ ಕೆಳ ಅಂಚಿನವರೆಗೆ ಮಾತ್ರ ನೀರು. ವಾಲ್ವ್ ಮುಳುಗಬಾರದು. ಮುಳುಗಿದರೆ ತೊಂದರೆ ಬಂದಾಗ ಆವಿಯ ಬದಲು ಕುದಿನೀರು ಹಾರುತ್ತದೆ, ಮೇಲಾಗಿ ಒಳಗೆ ಹಿಗ್ಗಲು ಗಾಳಿಗೂ ಜಾಗ ಬೇಕು. ಬುಟ್ಟಿಯನ್ನು ಇಳಿಸಿ ಪುಡಿಯನ್ನು ಅಂಚಿನ ಸಮಕ್ಕೆ ತುಂಬಿ. ಚಮಚದಿಂದ ಅದುಮಬೇಡಿ, ಗೋಪುರವನ್ನೂ ಮಾಡಬೇಡಿ, ಬೆರಳಿಂದ ಸವರಿ ಸಮ ಮಾಡಿದರೆ ಸಾಕು. ಅಂಚಿಗೆ ಮೆತ್ತಿದ ಪುಡಿಯನ್ನು ಒರೆಸಿ, ಇಲ್ಲದಿದ್ದರೆ ರಬ್ಬರ್ ಸರಿಯಾಗಿ ಕೂರುವುದಿಲ್ಲ. ಮೇಲಿನ ಭಾಗವನ್ನು ತಿರುಗಿಸಿ ಬಿಗಿ ಮಾಡಿ. ಬಿಗಿ ಮಾಡುವಾಗ ಹಿಡಿಯನ್ನು ಹಿಡಿಯಬೇಡಿ, ಅದು ಪ್ಲಾಸ್ಟಿಕ್, ಮುರಿಯುತ್ತದೆ; ಪಾತ್ರೆಯ ಮೈ ಹಿಡಿದು ತಿರುಗಿಸಿ.

ಪುಡಿಯ ವಿಷಯದಲ್ಲಿ ಒಂದು ಮಾತು. ಪುಡಿ ಅಂಗಡಿಯಲ್ಲಿ ಅವರು ಮೊದಲು ಕೇಳುವುದೇ ‘ಚಿಕೋರಿ ಎಷ್ಟು ಹಾಕಲಿ’ ಎಂದು. ಫಿಲ್ಟರ್‌ಗೆ ಅದು ಸರಿ. ಮೋಕಾ ಪಾಟ್‌ಗೆ ಚಿಕೋರಿ ಇಲ್ಲದ ಪುಡಿ ಒಳ್ಳೆಯದು. ಚಿಕೋರಿ ನೀರು ಹೀರಿ ಅಂಟಂಟಾಗಿ ದಾರಿ ಕಟ್ಟುತ್ತದೆ. ಫಿಲ್ಟರ್‌ನಲ್ಲಿ ಅದರಿಂದ ಡಿಕಾಕ್ಷನ್ ನಿಧಾನವಾಗುತ್ತದೆ ಅಷ್ಟೆ, ಇಲ್ಲಿ ಒತ್ತಡ ಏರುತ್ತದೆ. ಚಿಕೋರಿ ರುಚಿ ಬೇಕೇ ಬೇಕು ಎನ್ನುವವರು ಫಿಲ್ಟರ್ ಬಳಸಲಿ, ಅದೇನೂ ಕೀಳಲ್ಲ. ಬೀಸಿದ ಪುಡಿ ಸಣ್ಣ ರವೆಗಿಂತ ನುಣುಪು, ಮೈದಾಕ್ಕಿಂತ ತರಿ ಇರಬೇಕು. ಬೆರಳುಗಳ ನಡುವೆ ಉಜ್ಜಿದರೆ ಕಾಳು ಗೊತ್ತಾಗಬೇಕು.

ಒಲೆಯಲ್ಲಿ ಸಣ್ಣ ಬರ್ನರ್, ಸಣ್ಣ ಉರಿ. ಜ್ವಾಲೆ ಪಾತ್ರೆಯ ತಳ ದಾಟಿ ಪಕ್ಕಕ್ಕೆ ನೆಕ್ಕಬಾರದು, ಹಿಡಿ ಕರಗುತ್ತದೆ. ನಮ್ಮ ಗ್ಯಾಸ್ ಸ್ಟವ್‌ಗಳ ಕಂಬಿಗಳು ದೊಡ್ಡ ಪಾತ್ರೆಗೆಂದು ಮಾಡಿದವು. ಸಣ್ಣ ಮೋಕಾ ಪಾಟ್ ಅಲ್ಲಿ ಅಲ್ಲಾಡುತ್ತದೆ. ಪಾತ್ರೆ ಅಂಗಡಿಯಲ್ಲಿ ಕೇಳಿದರೆ ಒಲೆಯ ಮೇಲಿಡುವ ಕಬ್ಬಿಣದ ಸ್ಟ್ಯಾಂಡ್ ಕೊಡುತ್ತಾರೆ, ಅದನ್ನು ಇಟ್ಟು ಅದರ ಮೇಲೆ ಕೂರಿಸಿ. ವಾಲ್ವ್‌ನ ಮುಖ ಗೋಡೆಯ ಕಡೆಗಿರಲಿ, ಜನರ ಕಡೆಗಲ್ಲ. ನಮ್ಮ ಮನೆಯಲ್ಲಿ ಈಗ ಇದು ಕಾನೂನು.

ಕೆಲವು ನಿಮಿಷದಲ್ಲಿ ನಡುಕಂಬದಿಂದ ಕಾಫಿ ಜೇನಿನ ಹಾಗೆ ಇಳಿಯತೊಡಗುತ್ತದೆ. ಮೊದಲು ಕಪ್ಪು, ಆಮೇಲೆ ಕಂದು, ಕೊನೆಗೆ ತಿಳಿ ಬಣ್ಣ. ಕೆಳಗಿನ ನೀರು ಕೊಳವೆಯ ಬಾಯಿಗಿಂತ ಕೆಳಗಿಳಿದಾಗ ನೀರಿನ ಬದಲು ಆವಿ ನುಗ್ಗುತ್ತದೆ, ಗೊರ ಗೊರ ಸದ್ದು ಬರುತ್ತದೆ. ಆ ಸದ್ದು ಶುರುವಾದ ಕೂಡಲೇ ಇಳಿಸಬೇಕು. ಮುಗಿಯುವವರೆಗೆ ಕಾಯಬಾರದು, ಆವಿ ಪುಡಿಯನ್ನು ಸುಟ್ಟು ಕಹಿಯನ್ನೆಲ್ಲ ಮೇಲೆ ತರುತ್ತದೆ. ಇಳಿಸಿ ತಳವನ್ನು ಒದ್ದೆ ಬಟ್ಟೆಯ ಮೇಲೆ ಇಟ್ಟರೆ ಒಳಗಿನ ಒತ್ತಡ ಬಿದ್ದು ಕಾಫಿ ಬರುವುದು ನಿಲ್ಲುತ್ತದೆ. ಕೆಳಗೆ ಸ್ವಲ್ಪ ನೀರು ಉಳಿದಿರುತ್ತದೆ. ಅದು ಹಾಗೇ ಇರಬೇಕು, ಅದನ್ನೂ ಕಾಯಿಸಿ ತೆಗೆಯಲು ಹೋದರೆ ಪಾತ್ರೆ ಒಣಗಿ ರಬ್ಬರ್ ಸುಡುತ್ತದೆ.

ನಾಲ್ಕೈದು ನಿಮಿಷವಾದರೂ ಕಾಫಿ ಬರಲಿಲ್ಲ, ಪಕ್ಕದಿಂದ ಆವಿ ಬರುತ್ತಿದೆ ಎಂದರೆ ಗ್ಯಾಸ್ ಆಫ್ ಮಾಡಿ ದೂರ ಸರಿಯಿರಿ. ಎತ್ತಬೇಡಿ, ಅಲ್ಲಾಡಿಸಬೇಡಿ, ಮುಖ್ಯವಾಗಿ ತಿರುಪು ಬಿಚ್ಚಬೇಡಿ. ಪೂರ್ತಿ ತಣ್ಣಗಾಗುವವರೆಗೆ ಅದು ಪಾತ್ರೆಯಲ್ಲ, ಬಿಗಿದ ಸ್ಪ್ರಿಂಗ್.

ಇನ್ನು ತೊಳೆಯುವುದು. ಇಲ್ಲಿ ನಮ್ಮ ಮನೆಯಲ್ಲೇ ಎರಡು ಪಕ್ಷಗಳಿದ್ದವು. ಬರೀ ನೀರಿನಲ್ಲಿ ತೊಳೆದರೆ ಸಾಕು, ಸೋಪು ಮುಟ್ಟಿಸಬಾರದು, ಹಳೆಯ ಕಾಫಿಯ ಪೊರೆಯೇ ರುಚಿ ಕೊಡುತ್ತದೆ ಎಂಬುದು ಮಾಮು ಪಕ್ಷ. ಇಟಲಿಯವರೂ ಹಾಗೇ ಹೇಳುತ್ತಾರಂತೆ. ಹೊಳೆಯದ ಪಾತ್ರೆ ಪಾತ್ರೆಯೇ ಅಲ್ಲ ಎಂಬುದು ಅಮ್ಮಿ ಪಕ್ಷ; ಅವರು ಒಂದು ದಿನ ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿಬಿಟ್ಟರು. ಪಾತ್ರೆ ಬೆಳ್ಳಗಾಗುವ ಬದಲು ಮಂಕಾಗಿ ಕಪ್ಪಿಟ್ಟಿತು. ವಿಜ್ಞಾನ ವಿಭಾಗದ ಗೆಳೆಯನನ್ನು ಕೇಳಿದೆ. ಅಲ್ಯೂಮಿನಿಯಂ ಮೇಲೆ ತಾನಾಗಿ ಒಂದು ತೆಳು ಆಕ್ಸೈಡ್ ಪದರ ಬೆಳೆದು ಲೋಹವನ್ನು ಕಾಯುತ್ತದೆ, ಬೂದಿ ಮತ್ತು ವಾಷಿಂಗ್ ಸೋಡಾ ಕ್ಷಾರಗಳಾದ್ದರಿಂದ ಆ ಪದರವನ್ನೇ ತಿನ್ನುತ್ತವೆ ಎಂದು ವಿವರಿಸಿದ. ಹಿತ್ತಾಳೆ, ತಾಮ್ರಕ್ಕೆ ನಡೆಯುವ ಉಪಚಾರ ಇದಕ್ಕೆ ನಡೆಯದು. ಪಾತ್ರೆ ತೊಳೆಯುವ ಮೆಷಿನ್ ಇರುವ ಮನೆಯವರಿಗೂ ಇದೇ ಮಾತು, ಅದರ ಪುಡಿಯೂ ಕ್ಷಾರವೇ.

ನನ್ನ ಅಭಿಪ್ರಾಯ ಎರಡೂ ಪಕ್ಷಕ್ಕೆ ಸೇರುವುದಿಲ್ಲ. ಕಾಫಿ ಬೀಜದಲ್ಲಿ ಎಣ್ಣೆ ಇದೆ. ಎಣ್ಣೆ ಗೋಡೆಗೆ ಅಂಟಿ ಹಳತಾದರೆ ಕಮಟು ವಾಸನೆ ಹಿಡಿಯುತ್ತದೆ, ಹಳೆಯ ಬಾಣಲೆಯ ಎಣ್ಣೆಯ ಹಾಗೆ. ಅದು ರುಚಿ ಕೊಡುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ದಿನವೂ ಬಿಸಿನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ವಾರಕ್ಕೊಮ್ಮೆ ಮೃದು ಸ್ಪಂಜಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ ಉಜ್ಜಿ, ವಾಸನೆ ಹೋಗುವವರೆಗೆ ನೀರು ಹಾಕಿದರೆ ಏನೂ ಆಗುವುದಿಲ್ಲ. ಸ್ಟೀಲ್ ನಾರು ಬೇಡ. ಒಳಗೆ ಬೂದುಬಣ್ಣ ಬಂದರೆ ಗಾಬರಿ ಬೇಡ, ಅದನ್ನು ಕೆರೆದು ಹೊಳೆಯಿಸುವ ಅಗತ್ಯವೂ ಇಲ್ಲ.

ಮರೆತುಹೋಗುವ ಜಾಗವೆಂದರೆ ಜಾಲರಿಯ ಹಿಂಭಾಗ. ಹದಿನೈದು ದಿನಕ್ಕೊಮ್ಮೆ ರಬ್ಬರ್ ರಿಂಗನ್ನು ಚಮಚದ ಹಿಡಿಯಿಂದ ಮೆಲ್ಲಗೆ ಎಬ್ಬಿಸಿ ಜಾಲರಿ ತೆಗೆಯಿರಿ. ಅಲ್ಲಿ ಅಡಗಿರುವ ಕಪ್ಪು ಮಣ್ಣಿನಂಥದ್ದನ್ನು ನೋಡಿದರೆ ಸೋಪಿನ ವಾದ ತಾನಾಗಿ ಮುಗಿಯುತ್ತದೆ. ಹಳೆಯ ಟೂತ್ ಬ್ರಶ್ ಇದಕ್ಕೆ ಸಾಕು.

ವಾಲ್ವ್ ಪರೀಕ್ಷೆ ಪ್ರತಿ ಸಲ ತೊಳೆಯುವಾಗಲೂ ಆಗಬೇಕು. ಕೆಲವು ಪಾತ್ರೆಗಳಲ್ಲಿ ವಾಲ್ವ್‌ನಿಂದ ಒಂದು ಸಣ್ಣ ಕಡ್ಡಿ ಹೊರಚಾಚಿರುತ್ತದೆ. ಅದನ್ನು ಬೆರಳಿಂದ ಒತ್ತಿ, ಎಳೆದು ನೋಡಿ, ಆಡಬೇಕು. ಆಡದಿದ್ದರೆ ಆ ದಿನ ಕಾಫಿ ಇಲ್ಲ. ಬಿಳಿ ಪೊರೆ ಕಂಡರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು ತನ್ನಿ, ನಮ್ಮ ಮನೆಗಳಲ್ಲಿ ಅದನ್ನು ನೀಂಬೂ ಸತ್ ಎನ್ನುತ್ತಾರೆ. ಅರ್ಧ ಚಮಚವನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ ಕೆಳಗಿನ ಕೋಣೆಗೆ ತುಂಬಿ, ವಾಲ್ವ್ ಮುಳುಗುವಷ್ಟು. ಇಲ್ಲಿ ಮಾತ್ರ ಮುಳುಗಬೇಕು, ಏಕೆಂದರೆ ಇದನ್ನು ಒಲೆಯ ಮೇಲೆ ಇಡುವುದಿಲ್ಲ. ಸಣ್ಣ ಗುಳ್ಳೆಗಳು ಏಳುತ್ತವೆ. ಸುಣ್ಣ ಕರಗುತ್ತಿದೆ ಎಂದರ್ಥ. ಇಪ್ಪತ್ತು ನಿಮಿಷ ಬಿಟ್ಟು ಬ್ರಶ್‌ನಿಂದ ಉಜ್ಜಿ ತೊಳೆಯಿರಿ. ರಾತ್ರಿಯಿಡೀ ನೆನೆಹಾಕಬೇಡಿ, ಆಮ್ಲವೂ ಹೆಚ್ಚಾದರೆ ಲೋಹವನ್ನು ತಿನ್ನುತ್ತದೆ. ವಾಲ್ವ್ ಆಡತೊಡಗಿದ ಮೇಲೆ, ಪುಡಿ ಹಾಕದೆ ಬರೀ ನೀರಿನಲ್ಲಿ ಎರಡು ಸಲ ಓಡಿಸಿ ಚೆಲ್ಲಿ. ಎಷ್ಟು ಮಾಡಿದರೂ ವಾಲ್ವ್ ಆಡದಿದ್ದರೆ ಆ ಪಾತ್ರೆಯನ್ನು ಪೆನ್ನು ನಿಲ್ಲಿಸಲು ಬಳಸಿ, ಒಲೆಗೆ ಮತ್ತೆ ಏರಿಸಬೇಡಿ.

ತೊಳೆದ ಮೇಲೆ ಮೂರು ಭಾಗವನ್ನೂ ಬೇರೆ ಬೇರೆಯಾಗಿ ಒರೆಸಿ ಒಣಗಲು ಇಡಿ. ಒದ್ದೆಯಲ್ಲೇ ತಿರುಪಿ ಮುಚ್ಚಿಟ್ಟರೆ ಒಳಗೆ ಬೂಷ್ಟು ಹಿಡಿಯುತ್ತದೆ. ಊರಿಗೆ ಹೋಗುವಾಗ ಇದು ಇನ್ನೂ ಮುಖ್ಯ.

ರಬ್ಬರ್ ರಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಬದಲಿಸಬೇಕು. ನಮ್ಮ ಊರಿನ ಪಾತ್ರೆ ಅಂಗಡಿಗಳಲ್ಲಿ ಇದು ಸಿಗಲಿಲ್ಲ. ಒಬ್ಬ ಅಂಗಡಿಯವರು ಟ್ಯೂಬ್ ರಬ್ಬರ್ ಕತ್ತರಿಸಿ ಕೊಡುತ್ತೇನೆ ಎಂದರು. ದಯವಿಟ್ಟು ಹಾಗೆ ಮಾಡಿಸಬೇಡಿ. ಅದು ಆಹಾರಕ್ಕೆಂದು ಮಾಡಿದ ರಬ್ಬರ್ ಅಲ್ಲ, ಬಿಸಿಯಲ್ಲಿ ಏನು ಬಿಡುತ್ತದೋ ಗೊತ್ತಿಲ್ಲ. ಆನ್‌ಲೈನಿನಲ್ಲಿ ‘3 ಕಪ್’, ‘6 ಕಪ್’ ಎಂದು ಅಳತೆ ನೋಡಿ ತರಿಸಿ. ಈ ‘ಕಪ್’ ಲೆಕ್ಕದಲ್ಲಿ ಮೋಸಹೋಗಬೇಡಿ; ಇಟಲಿಯ ಕಪ್ ಎಂದರೆ ನಮ್ಮ ಬೈಟು ಲೋಟಕ್ಕಿಂತ ಚಿಕ್ಕದು. ಅರ್ಧ ಬುಟ್ಟಿ ತುಂಬಿ ಮಾಡಿದರೆ ರುಚಿ ಬರುವುದಿಲ್ಲವಾದ್ದರಿಂದ ಮನೆಯ ಜನರನ್ನು ಎಣಿಸಿಯೇ ಅಳತೆ ಆರಿಸಬೇಕು.

ಇಷ್ಟು ತಿಳಿದ ಮೇಲೆ ಮಾಮು ಒಂದು ಪ್ರಶ್ನೆ ಮುಂದಿಟ್ಟರು. ಉಳಿಸಿ ತಂದ ಹಣದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಗಾಡಿ ಹಾಕಿ ಮೋಕಾ ಪಾಟ್ ಕಾಫಿ ಮಾರಿದರೆ ಹೇಗೆ? ಕಾಮರ್ಸ್ ಓದುವವರು ಮನೆಯಲ್ಲಿದ್ದ ಮೇಲೆ ಲೆಕ್ಕ ನಾನೇ ಮಾಡಬೇಕಾಯಿತು. 250 ಗ್ರಾಂ ಪುಡಿಗೆ 200 ರೂಪಾಯಿ ಎಂದು ಹಿಡಿದರೆ ಗ್ರಾಂಗೆ 80 ಪೈಸೆ. ಮೂರು ಕಪ್ಪಿನ ಬುಟ್ಟಿಗೆ 16 ಗ್ರಾಂ, ಅಂದರೆ 12.80 ರೂಪಾಯಿ; ಒಂದು ಕಪ್ಪಿಗೆ 4.27. ಹಾಲು 100 ಮಿಲಿಗೆ 5 ರೂಪಾಯಿ, ಸಕ್ಕರೆ 50 ಪೈಸೆ, ಗ್ಯಾಸ್ 50 ಪೈಸೆ. ಒಟ್ಟು 10.27. ರಬ್ಬರ್ ರಿಂಗಿಗೆ 300 ರೂಪಾಯಿ, ಅದು 900 ಕಪ್ ಬಾಳುತ್ತದೆ ಎಂದು ಹಿಡಿದು 33 ಪೈಸೆ. ಕಪ್ಪಿಗೆ 15 ರೂಪಾಯಿಯಂತೆ ಮಾರಿದರೆ ಉಳಿಯುವುದು 4.40. ಒಂದು ಸುತ್ತು ಮಾಡಿ, ಆರಿಸಿ, ತೊಳೆದು ಮತ್ತೆ ಇಡಲು 15 ನಿಮಿಷ. ಒಂದು ಪಾತ್ರೆಯಿಂದ ಗಂಟೆಗೆ 12 ಕಪ್, ಸಂಜೆಯ ಎರಡು ಗಂಟೆಗೆ 24. ದಿನಕ್ಕೆ 100 ಕಪ್ ಬೇಕೆಂದರೆ ಐದು ಪಾತ್ರೆ, ಐದು ಒಲೆ. ಪಾತ್ರೆಗೆ 2,500ರಂತೆ ಐದಕ್ಕೆ 12,500 ರೂಪಾಯಿ. ಅದನ್ನು 4.40ರಿಂದ ಭಾಗಿಸಿದರೆ 2,841 ಕಪ್. ಗಾಡಿ, ಒಲೆ, ಬಾಡಿಗೆ ಬಿಟ್ಟು ಪಾತ್ರೆಗಳ ಹಣವಷ್ಟೇ ಒಂದು ತಿಂಗಳೊಳಗೆ ವಾಪಸ್.

ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಬಸ್ ಬಂದು ನಿಂತಾಗ ಮೂವತ್ತು ಜನ ಒಟ್ಟಿಗೆ ಇಳಿಯುತ್ತಾರೆ, ಹದಿನೈದು ನಿಮಿಷ ಯಾರೂ ಕಾಯುವುದಿಲ್ಲ. ಗಾಳಿಗೆ ಉರಿ ಒಂದು ಕಡೆ ವಾಲುತ್ತದೆ. ಸುತ್ತ ಮಕ್ಕಳು, ಮುಂದೆ ಬಿಸಿಯಾದ ಐದು ಮುಚ್ಚಿದ ಪಾತ್ರೆಗಳು, ದಿನಕ್ಕೆ ಮೂವತ್ತಕ್ಕೂ ಹೆಚ್ಚು ಸಲ ವಾಲ್ವ್ ನೋಡಬೇಕು. ಆ ಅಪಾಯವನ್ನು ಯಾವ ಕಾಲಂನಲ್ಲಿ ಬರೆಯಬೇಕೆಂದು ನನಗೆ ತಿಳಿಯಲಿಲ್ಲ, ಮಾಮುಗೆ ಹಾಗೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನಿ ಕೂರುವ ಮಣೆಯ ಕಡೆ ನೋಡಿದರು. ಈಗ ದೊಡ್ಡ ಸ್ಟೀಲ್ ಫಿಲ್ಟರ್ ಎರಡು, ಡಿಕಾಕ್ಷನ್ ತುಂಬಿಡಲು ಒಂದು ಫ್ಲಾಸ್ಕ್ ಎಂದು ಹೊಸ ಪಟ್ಟಿ ಶುರುವಾಗಿದೆ. ಚಿಕೋರಿ ಎಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಹಾಸ್ಟೆಲಿನ ಗೆಳೆಯರು ಕೇಳುವ ಪ್ರಶ್ನೆ ಒಂದು ಉಳಿದಿದೆ. ಇಂಡಕ್ಷನ್ ಒಲೆಯ ಮೇಲೆ ಅಲ್ಯೂಮಿನಿಯಂ ಮೋಕಾ ಪಾಟ್ ಕಾಯುವುದಿಲ್ಲ. ಅದಕ್ಕೆ ಅಯಸ್ಕಾಂತ ಅಂಟುವ ತಳವಿರುವ ಸ್ಟೀಲಿನದೇ ಬೇಕು. ಕೊಳ್ಳುವ ಮೊದಲು ಒಂದು ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಹೋಗಿ, ಮತ್ತು ವಾರ್ಡನ್ ಅವರನ್ನು ಕೇಳಿಯೇ ಕೊಳ್ಳಿ.